ಎಳೇ ಮೂಳೆ

ಪಶು ಆಸ್ಪತ್ರೆಯ ಬೆಂಚಿನಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತವಳ ಕಿವಿಯೆಲ್ಲ ಪಕ್ಕದ ಗಂಡಹೆಂಡಿರ ಮಾತಿನ ಮೇಲೇ ಇತ್ತು. ಅವರ ಕುದುರೆಮರಿ ಮುಂಗಾಲಿಗೆ ಪಟ್ಟಿ ಸುತ್ತಿಸಿಕೊಂಡು ಅಂಗಳದಲ್ಲಿ ನಿಂತಿತ್ತು.

“ಮಂಡಿ ಊತ ಇಳೀತು ಕಣೇ. ಆದ್ರೂ ಇನ್ನೂ ಓಡಿಸಬಾರದಂತೆ,” ಎಂದ ಗಂಡ.

“ಪಾಪ! ದಿನಾ ಐಸ್ ಇಟ್ಟಿದ್ದು ಯಾರೋ?”

“ನಾನೇ. ಕಾಲು ನೀವಿದ್ದೂ ನಾನೇ.”

“ನಾನು ಮೆಟ್ಟಿಲಿಂದ ಬಿದ್ದು ಮಂಡಿ ಊದಿಸಿಕೊಂಡಾಗ ಏನಂದಿದ್ರಿ?”

“ಏನಂದಿದ್ದೆ?”

“ಓಡಾಡ್ತಿದ್ರೆ ತಾನಾಗೇ ಸರಿಹೋಗುತ್ತೆ ಅಂತ.”

“ಅದರದು ಎಳೇ ಮೂಳೆ ಕಣೇ!”

“ಹೌದು, ನನ್ನದು ಒನಕೆ.”

ಒಳಗಿನಿಂದ ಕರೆ ಬಂತು. ಅವನು ಹಗ್ಗ ಹಿಡಿದು, ಮರಿಯ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ನಿಧಾನವಾಗಿ ನಡೆದ. ಬಾಗಿಲಲ್ಲಿ ಹಿಂದಿರುಗಿ ನೋಡಿದ.

“ಬೇಗ ಬಾರೇ, ಅದೇನು ಕುಂಟ್ತೀಯ!”

“ಅದಕ್ಕಿನ್ನೂ ಮೂರು ಕಾಲು ಚೆನ್ನಾಗಿವೆ. ನನಗಿರೋದು ಒಂದೇ,” ಎನ್ನುತ್ತ ಅವಳು ಗೋಡೆ ಹಿಡಿದು ಹಿಂದೆ ಹೋದಳು.