ಒಂಬತ್ತನೇ ಮನೆಯ ಕಾಲು

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ, ತಾಯಂದಿರೇ. ಅವನ ಅಣ್ಣನಿಗೆ ಸಕ್ಕರೆ ಕಾಯಿಲೆ. ಹರಕೆ ಹೊತ್ತು ಬರಿಗಾಲಲ್ಲಿ ಬೆಟ್ಟ ಹತ್ತಿದ, ಕಾದ ಕಲ್ಲಿಗೆ ಅಂಗಾಲು ಸುಟ್ಟಿತು, ಸುಟ್ಟದ್ದೇ ತಿಳಿಯಲಿಲ್ಲ. ನೋಡಿ, ಆ ಕಾಯಿಲೆ ಕಾಲಿನ ನೋವನ್ನೇ ಕಸಿದುಕೊಳ್ಳುತ್ತದೆ. ಗಾಯ ಕೊಳೆತು ಒಂದು ಕಾಲು ತೆಗೆದರು.

ಇನ್ನೊಂದಾದರೂ ಉಳಿಯಲಿ ಎಂದು ಸಾಹುಕಾರ ದೊಡ್ಡ ಆಸ್ಪತ್ರೆ ಕಟ್ಟಲು ಕೈಹಾಕಿದ. ಕೆಳಮಹಡಿ ಮುಗಿಯಿತು. ನಾಲ್ವರು ಪೇಟೆಯ ಡಾಕ್ಟರರನ್ನು ಕರೆಸಬೇಕೆಂದಿದ್ದ. ಮೂವತ್ತು ವರ್ಷ ಆ ಸೀಮೆಯಲ್ಲೇ ನರ್ಸ್ ಆಗಿದ್ದ ಒಬ್ಬ ಮುದುಕಿಗೆ ಹೆಮ್ಮೆಯಿಂದ ಎಲ್ಲ ತೋರಿಸಿದ.

"ಭಾಳ ಛಲೋ ಆಗೇತ್ರಿ ಸಾವ್ಕಾರ್ರ. ಆದ್ರ ನಿಮ್ಮ ಅಣ್ಣಾರ ಕಾಲು ಮನ್ಯಾಗ ಯಾರು ನೋಡ್ತಾರ್ರಿ?"

ಸಾಹುಕಾರ ತಬ್ಬಿಬ್ಬಾದ. ಒಂದೇ ಮನೆಯಲ್ಲಿದ್ದೂ ಅವನು ನೋಡಿರಲಿಲ್ಲ!

ಆ ತಾಯಿ ಅವನನ್ನು ಎಂಟು ದಿನ ಬೀದಿ ಬೀದಿ ಸುತ್ತಿಸಿದಳು. ಸಕ್ಕರೆ, ಬೀಪಿ ಇದ್ದವರ ಮನೆಗಳು ಮುನ್ನೂರು. ತಿಂಗಳಿಗೊಮ್ಮೆಯಾದರೂ ಕಾಲು, ಬೀಪಿ, ಗುಳಿಗೆ ನೋಡಲೇಬೇಕು.

"ದಿನಕ್ಕ ಎಂಟು ಮನಿ ಆಗ್ತಾವ್ರಿ. ಒಂಬತ್ತನೇ ಮನ್ಯಾಗ ದಣದು ಬರೇ ಮುಖಾ ನೋಡಿ ಬರ್ತೀನಿ, ಕಾಲು ನೋಡಂಗಿಲ್ಲ. ತಿಂಗಳಿಗೆ ಒಬ್ಬಾಕಿಗೆ ಇನ್ನೂರು ಮನಿ ಅಷ್ಟ, ಅದಕ್ಕ ಇಬ್ಬರು ಬೇಕು. ಒಬ್ಬಾಕಿ ಬಾಣಂತನಕ್ಕ ಹೋದ್ರ? ಮೂರನೇದಾಕಿನೂ ಬೇಕ್ರಿ. ಡಾಕ್ಟರು ವಾರಕ್ಕೊಮ್ಮೆ ಬಂದ್ರೂ ನಡೀತೈತಿ."

ಎಂಥ ಲೆಕ್ಕ ನೋಡಿ! ಕಟ್ಟಡದಿಂದ ಶುರುವಾದದ್ದಲ್ಲ, ಮನುಷ್ಯರಿಂದ ಶುರುವಾದ ಲೆಕ್ಕ. ಸಾಹುಕಾರನೂ ದೊಡ್ಡವನೇ. ಮೇಲ್ಮಹಡಿಯ ಕೆಲಸ ನಿಲ್ಲಿಸಿದ, ಮೂವರು ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿ ನೇಮಿಸಿದ.

ಮೂರನೇ ತಿಂಗಳು ಅವರಲ್ಲೊಬ್ಬಳು ಅಣ್ಣನ ಬಳಿ ಬಂದಳು. ಪರರ ಮನೆಯ ಹೆಣ್ಣುಮಗಳ ಮುಂದೆ ಕಾಲು ಚಾಚುವುದುಂಟೇ? "ನಾ ಆರಾಮ ಅದೀನಿ, ಹೋಗವ್ವಾ" ಎಂದು ಅವನು ಈ ಸಲವೂ ಧೋತರದೊಳಗೆ ಕಾಲು ಸೇರಿಸಿಕೊಂಡ. ಅವಳು ಜಗಳಾಡಲಿಲ್ಲ. ನೆಲಕ್ಕೆ ಕುಳಿತು, "ನಮಸ್ಕಾರ ಮಾಡ್ತೀನ್ರಿ, ಅಜ್ಜಾರ" ಎಂದಳು. ಹಿರಿಯ ಬೇಡವೆಂದಾನೇ? ಕಾಲು ಮುಂದೆ ಬಂತು. ನಮಸ್ಕರಿಸಿದವಳು ಅದನ್ನು ಹಾಗೇ ಮೇಲೆತ್ತಿ ನೋಡಿದಳು. ಅಂಗಾಲಲ್ಲಿ ಜಾಲಿಮುಳ್ಳು, ಸುತ್ತಲೂ ಕೀವು!

ಅಂದೇ ಚಿಕಿತ್ಸೆಯಾಯಿತು, ಕಾಲು ಉಳಿಯಿತು. ಸಾಹುಕಾರ ಆ ಮಗಳಿಗೆ ಕೈಮುಗಿದು ಅತ್ತುಬಿಟ್ಟ.

ಈಗ ನಿಮ್ಮನ್ನು ಕೇಳುತ್ತೇನೆ. ಅಂಥ ಹೆಣ್ಣುಮಗಳು ಬಾಗಿಲಿಗೆ ಬಂದರೆ ನೀವು ಏನೆನ್ನುತ್ತೀರಿ? "ಆಮ್ಯಾಲೆ ಬಾ" ಅನ್ನುತ್ತೀರಿ. ಹೌದೋ ಅಲ್ಲವೋ? ಇನ್ನು ಮೇಲೆ ಒಳಗೆ ಕರೆಯಿರಿ, ಕುರ್ಚಿ ಕೊಡಿ. ಆಸ್ಪತ್ರೆಗೆ ದಾನ ಕೊಡುವ ಮುಂಚೆ, ಊರಲ್ಲಿ ಕಾಯಿಲೆಯವರು ಎಷ್ಟು, ಅವರನ್ನು ನೋಡುವವರು ಎಷ್ಟು ಎಂದು ಕುಳಿತು ಎಣಿಸಿ. ನೋಡುವವರು ಸಾಲದೇ ಹೋದರೆ ಬೇರೆಯವರ ಮನೆಯತ್ತ ನೋಡಬೇಡಿ. ನಿಮ್ಮ ಸೊಸೆ ಆ ಕೆಲಸ ಕಲಿಯುತ್ತೇನೆ ಎಂದರೆ, ನಾಳೆಯೇ ಕಳಿಸಿಕೊಡಿ.