ಜೀನು ಬಿಗಿಯುವ ರಾಗ

ನೆವಾಡಾದ ಒಂದು ಕುದುರೆ ಮೈದಾನದ ಕಾಫಿ ಅಂಗಡಿಯಲ್ಲಿ ವರ್ನಾ ಲೋಟ ತೊಳೆಯುತ್ತಿದ್ದಳು. ಕಾಡುಕುದುರೆ ಪಳಗಿಸುವ ಸ್ಪರ್ಧೆ ಮುಗಿದು, ಪಳಗಿದ ಕುದುರೆಗಳ ಹರಾಜು ಶುರುವಾಗುವುದರಲ್ಲಿತ್ತು. ಕಂದು ಕುದುರೆಯನ್ನು ಪಳಗಿಸಿದ್ದ ರೋಂಡಾ ಗಂಡನೊಂದಿಗೆ ಕಾಫಿಯ ಸಾಲಿನಲ್ಲಿದ್ದಳು.

“ಮಾರೋ ಕುದುರೆಗೆ ಹೆಸರಿಡಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?” ಎಂದ ಗಂಡ.

“ಹೆಸರಲ್ಲ ಕಣೋ. ಜೀನು ಬಿಗಿಯೋವಾಗ ಗುನುಗ್ತಿದ್ದೆನಲ್ಲ, ಅದೇ ತಪ್ಪಾಯ್ತು. ಈಗ ಗುನುಗದಿದ್ರೆ ಅದು ನಿಲ್ಲೋದೇ ಇಲ್ಲ.”

“ಆ ಒಡಕು ದನಿಗಾ? ಪಾಪದ ಪ್ರಾಣಿ!”

“ನಗಬೇಡ. ಮನುಷ್ಯರನ್ನ ನಂಬೋದು ಕಲಿಸಬೇಕಿತ್ತು. ನನ್ನೊಬ್ಬಳನ್ನೇ ನಂಬೋದು ಕಲಿಸ್ಬಿಟ್ಟೆ.”

“ಕೊಳ್ಳೋರಿಗೆ ಹೇಳ್ಬಿಡು.”

“ಹೇಳಿದ್ರೆ ಯಾರೂ ಕೊಳ್ಳಲ್ಲ. ಕಾಡಿಂದ ಹಿಡಿದು ಕೂಡಿಹಾಕಿದ್ದ ಆ ಸರ್ಕಾರದ ದೊಡ್ಡಿಗೇ ಮತ್ತೆ ಹೋಗುತ್ತೆ.”

ಧ್ವನಿವರ್ಧಕ ರೋಂಡಾಳ ಹೆಸರು ಕೂಗಿತು. ಜೀನು ಬಿಗಿಯಲು ಅವಳು ಗುನುಗುತ್ತಲೇ ಹೊರಟಳು.

ಆ ಕಂದು ಕುದುರೆಯನ್ನು ಕೊಳ್ಳಲೆಂದೇ ವರ್ನಾಳ ಗಂಡ ಹರಾಜಿನ ಮುಂದಿನ ಸಾಲಿನಲ್ಲಿ ಕೂತಿದ್ದ. ಅವಳು ನಲ್ಲಿ ನಿಲ್ಲಿಸಿ, ರಾಗ ದೂರವಾಗುವವರೆಗೂ ಕಿವಿಗೊಟ್ಟಳು. ಕುದುರೆ ಮನೆಗೆ ಬಂದರೆ ಜೀನು ತಾನೇ ಬಿಗಿಯುವೆನೆಂದುಕೊಂಡಳು, ಕೇಳಿದ್ದನ್ನು ಗಂಡನಿಗೆ ಹೇಳಲು ಹೋಗಲಿಲ್ಲ.