ಹಿಂದಿನ ಸೀಟಿನ ಕುಟುಂಬ

ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆ, ಪೇಟೆಯಲ್ಲಿ ಕರೆಯುವುದು ಟೇಪು ಮಾಸ್ಟರ್ ಎಂದು. ವಯಸ್ಸು 56 ವರ್ಷ. ಕಸುಬು ಹೆಂಗಸರ ಬಟ್ಟೆ ಹೊಲಿಯುವುದು. ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮಹಡಿ. ಠಾಣೆಯಲ್ಲಿ ಕೇಳಲಾಗಿ ನಾನಾಗಿಯೇ ಬರೆಸುವುದೇನೆಂದರೆ,

ನಾನು ಜೇನು ಕಳ್ಳನಲ್ಲ. ಹೆಂಡತಿಯನ್ನು ದಾರಿಯಲ್ಲಿ ಬಿಟ್ಟು ಹೋಗುವವನೂ ಅಲ್ಲ. ಈ ದಿನ ನನ್ನಿಂದ ಎರಡೂ ಆಗಿರುವುದು ನಿಜ. ಹೆಂಡತಿಯನ್ನು ಹೊರಗಿನವರ ಮುಂದೆ ‘ನಮ್ಮ ಕುಟುಂಬ’ ಎನ್ನುವುದು ನಮ್ಮ ತಂದೆಯಿಂದ ನನಗೆ ಬಂದ ರೂಢಿ. ಜೇನು ಸಾಕುವವರು ಒಂದು ಪೆಟ್ಟಿಗೆಯಲ್ಲಿರುವ ಅಷ್ಟೂ ಹುಳುಗಳನ್ನು ಸೇರಿಸಿ ಒಂದು ಕುಟುಂಬ ಎನ್ನುತ್ತಾರೆಂಬುದು ಈ ಬೆಳಿಗ್ಗೆ 9.20ರವರೆಗೆ ನನಗೆ ತಿಳಿದಿರಲಿಲ್ಲ.

ಹೂ ಬಿಡುವ ಕಾಲವಾದ್ದರಿಂದ ಹಣ್ಣಿನ ತೋಟಗಳ ಸೀಮೆ ನೋಡಿಕೊಂಡು, ಜೇನುತುಪ್ಪ ತರೋಣವೆಂದು, ಭಾವಮೈದುನನ ಬಿಳಿ ಕಾರಿನಲ್ಲಿ ಇಬ್ಬರೂ 6.10ಕ್ಕೆ ಹೊರಟೆವು. ಸದರಿ ಕಾರಿನ ಒಳಗಿನ ಕನ್ನಡಿ ಉದುರಿಹೋಗಿ ಎರಡು ವರ್ಷವಾಗಿರುತ್ತದೆ. 7.25ಕ್ಕೆ, ಕಿತ್ತಳೆ ತೋಟಗಳು ಶುರುವಾಗುವ ತಿರುವಿನಲ್ಲಿ, ಬಿಚ್ಚಿಕೊಂಡ ಸೀಟ್ ಬೆಲ್ಟನ್ನು ಮತ್ತೆ ಹಾಕಿಕೊಳ್ಳಲು ಕುಟುಂಬ ಎಳೆದಾಡುತ್ತಿದ್ದಾಗ, ‘ಬೆಲ್ಟೂ ಸಾಲಲ್ವೇನೋ ನಿಂಗೆ’ ಎಂದು ನಾನು ಅಂದೆನು. ಅನ್ನಬಾರದಿತ್ತು. ಅವಳು ಕಾರು ನಿಲ್ಲಿಸಲು ಹೇಳಿ, ಇಳಿದು, ಹಿಂದಿನ ಸೀಟಿಗೆ ಹೋಗಿ, ಮನೆ ಮುಟ್ಟುವವರೆಗೆ ಮಾತಾಡಿಸಬಾರದು, ತಿರುಗಿಯೂ ನೋಡಬಾರದು ಎಂದು ತಾಕೀತು ಮಾಡಿದಳು.

8.05ಕ್ಕೆ ಜೇನು ಸಾಕುವವರ ಅಂಗಳದಲ್ಲಿ ಕಾರು ನಿಲ್ಲಿಸಿದೆ. ಅವರು ಕಿವಿಗೆ ಫೋನು ಹಿಡಿದೇ ಬಂದು, ‘ಕುಟುಂಬ ಹಿಂದಿನ ಸೀಟಿಗೆ ತಾನೇ, ಡಿಕ್ಕಿಗಲ್ವಲ್ಲ?’ ಎಂದು ಕೇಳಿದರು. ನನಗೆ ಮಾತು ಒರಟೆನಿಸಿದರೂ, ಹಿಂದಿನ ಸೀಟೇ, ಅವಳೇ ಆರಿಸಿಕೊಂಡದ್ದು ಎಂದೆನು. ರಾಣಿ ಒಳ್ಳೆಯವಳು, ಆದರೆ ಅಲುಗಾಡಿಸಬೇಡಿ, ಬಿಸಿಲಿಗೆ ಬಿಡಬೇಡಿ, ಕೆರಳಿದರೆ ಕಷ್ಟ ಎಂದು ಅವರು ಬುದ್ಧಿ ಹೇಳಿದರು. ಒಂದೇ ನೋಟಕ್ಕೆ ನಮ್ಮ ಸಂಸಾರ ಇಷ್ಟು ಅರ್ಥವಾಯಿತಲ್ಲ ಎಂದು ಅವರ ಮೇಲೆ ಗೌರವ ಮೂಡಿತು. ಇನ್ನೊಬ್ಬ ಗಿರಾಕಿ ಬಿಳಿ ಕಾರಿನಲ್ಲಿ ಪೆಟ್ಟಿಗೆ ಒಯ್ಯಲು ಬರುವವನಿದ್ದನೆಂಬುದು ನಂತರ ತಿಳಿಯಿತು.

ನಾನು ಶೌಚಾಲಯಕ್ಕೆ ಹೋಗಿ 8.22ಕ್ಕೆ ಬಂದು ಕುಳಿತಾಗ ಹಿಂದಿನ ಬಾಗಿಲು ಧಡಾರನೆ ಮುಚ್ಚಿತು. ಸಿಟ್ಟಿದ್ದಾಗ ಕುಟುಂಬ ಬಾಗಿಲು ಮುಚ್ಚುವುದು ಹಾಗೆಯೇ. ಜೇನುತುಪ್ಪದ ಮಾತೆತ್ತಲೂ ಧೈರ್ಯವಾಗದೆ, ಅವಳ ತಾಕೀತಿನಂತೆ ತಿರುಗಿ ನೋಡದೆ, ಗಾಡಿ ಎಬ್ಬಿಸಿದೆ. ಅವಳು ಆಗ ನಲವತ್ತು ಮೀಟರ್ ದೂರದಲ್ಲಿ ಕಿತ್ತಳೆ ಹೂ ಮೂಸುತ್ತಿದ್ದು, ‘ರೀ’ ಎಂದು ಎರಡು ಸಲ ಕೂಗಿದ್ದಾಗಿಯೂ, ಮೂರನೇ ಸಲ ಕೂಗಲು ಮಾನ ಅಡ್ಡ ಬಂತೆಂದೂ ಹೇಳಿರುತ್ತಾಳೆ.

ಹಿಂದಿನಿಂದ ಒಂದೇ ಸಮನೆ ‘ಹೂಂ’ ಎಂಬ ಸದ್ದು ಬರುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ನಾನು ಆ ಸದ್ದನ್ನು ಬಹಳ ಕೇಳಿದ್ದೇನೆ. ಹದಿನಾಲ್ಕು ಕಿಲೋಮೀಟರ್ ತಡೆದೆ. ಆಮೇಲೆ ತಡೆಯಲಾಗಲಿಲ್ಲ. ಆಗ ಏನು ಮಾತಾಡಿದೆನೆಂದು ಬರೆಸಲೇಬೇಕೆ ಎಂದು ನಾನು ಕೇಳಲಾಗಿ, ಬರೆಸಲೇಬೇಕೆಂದು ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಹೇಳಿರುತ್ತಾರೆ. ಕುಟುಂಬ ಈಗ ಎರಡಡಿ ದೂರದ ಬೆಂಚಿನ ಮೇಲೆ ಕುಳಿತಿದ್ದಾಳೆ. ನಾನು ಹೇಳಿದ್ದು ಇಷ್ಟು: ‘ಇವಳೇ, ನಿನ್ನ ತಂಗಿ ಮದುವೆ ರವಿಕೆ ಬಿಗಿಯಾಗಿತ್ತಲ್ಲ, ನೀನು ದಪ್ಪ ಆಗಿರ್ಲಿಲ್ಲ ಕಣೇ. ನಾನೇ ಹೊಲಿಗೆಗೆ ಬಟ್ಟೆ ಬಿಡೋದು ಮರೆತು ಕತ್ತರಿಸ್ಬಿಟ್ಟೆ. ಒಂದೂವರೆ ಇಂಚು.’ ಆ ರವಿಕೆ ಹಾಕಿ ನೋಡಿದ ದಿನದಿಂದ ಹನ್ನೊಂದು ವರ್ಷ ಅವಳು ಸಿಹಿ ಮುಟ್ಟಿಲ್ಲ. ಕಾಫಿಗೂ ಸಕ್ಕರೆ ಇಲ್ಲ. ನಾನು ದಿನಾ ಎದುರಿಗೆ ಕೂತು ಸಕ್ಕರೆ ಹಾಕಿಕೊಂಡೇ ಕುಡಿದಿದ್ದೇನೆ. ಹೀಗೆ ಹೇಳಿ, ಕ್ಷಮಿಸ್ತೀಯಾ ಎಂದು ಕೇಳಿದೆನು. ‘ಹೂಂ’ ಎಂದು ಬಂತು. ಎಷ್ಟು ಹಗುರಾಯಿತೆಂದು ಬರೆಸಲು ಬರುವುದಿಲ್ಲ.

8.58ಕ್ಕೆ, ಮೂವತ್ತೊಂದನೇ ಕಿಲೋಮೀಟರಿನಲ್ಲಿ, ಚಹಾ ಕೊಡಿಸಲೆಂದು ನಿಲ್ಲಿಸಿ ತಿರುಗಿದಾಗ ಸೀಟಿನ ಮೇಲೆ ಬಾಯಿಗೆ ಜಾಲರಿ ಬಡಿದ ಮರದ ಪೆಟ್ಟಿಗೆ, ಪಕ್ಕದಲ್ಲಿ ಕುಟುಂಬದ ಕೈಚೀಲ, ಚೀಲದಲ್ಲಿ ಅವಳ ಫೋನು ಇದ್ದವು.

9.12ಕ್ಕೆ ಈ ಠಾಣೆಗೆ ಓಡಿಬಂದು, ನಮ್ಮ ಕುಟುಂಬ ಕಾಣೆಯಾಗಿದೆ ಎಂದೆನು. ಕಾನ್‌ಸ್ಟೇಬಲ್ ಆಗಲೇ ಫೋನಿನಲ್ಲಿದ್ದು, ಬಿಳಿ ಕಾರಿನವನು ತಮ್ಮ ಕುಟುಂಬವನ್ನು ರಾಣಿ ಸಮೇತ ಹೊತ್ತೊಯ್ದನೆಂದು ಆ ಕಡೆಯಿಂದ ಜೇನು ಸಾಕುವವರು ದೂರುತ್ತಿದ್ದರು. ಎಷ್ಟು ಜನ ಎಂದು ಕಾನ್‌ಸ್ಟೇಬಲ್ ಇಬ್ಬರನ್ನೂ ಕೇಳಿದರು. ಒಬ್ಬಳು ಎಂದು ನಾನೂ, ಹದಿನೈದು ಸಾವಿರ ಎಂದು ಅವರೂ ಹೇಳಿದೆವು. 9.20ಕ್ಕೆ ವಿಷಯ ತಿಳಿಯಾಯಿತು: ನನ್ನನ್ನೇ ಆ ಗಿರಾಕಿಯೆಂದುಕೊಂಡು ಪೆಟ್ಟಿಗೆ ಇಟ್ಟು ಹಿಂದಿನ ಬಾಗಿಲು ಮುಚ್ಚಿದವರು ಅವರು, ಹಣ ಕೊಡದೆ ಹೊರಟವನು ನಾನು.

10.05ಕ್ಕೆ ಜೇನು ಸಾಕುವವರು ತಮ್ಮ ವ್ಯಾನಿನಲ್ಲಿ ನಮ್ಮ ಕುಟುಂಬವನ್ನು ತಂದುಬಿಟ್ಟು, ತಮ್ಮ ಕುಟುಂಬವನ್ನು ಇಳಿಸಿಕೊಂಡು, ದೂರು ಹಿಂದಕ್ಕೆ ಪಡೆದು, ಅವಳ ಕೈಗೊಂದು ಜೇನುತುಪ್ಪದ ಬಾಟಲಿ ಕೊಟ್ಟು ಹೋದರು.

ಇಲ್ಲಿಯವರೆಗಿನ ಹೇಳಿಕೆಯನ್ನು ರೈಟರ್ ಗಟ್ಟಿಯಾಗಿ ಓದಿದರು. ರವಿಕೆಯ ಭಾಗವನ್ನು ಇನ್ನೊಮ್ಮೆ, ನಿಧಾನವಾಗಿ ಓದಬೇಕೆಂದು ಕುಟುಂಬ ಕೇಳಿದ್ದರಿಂದ ಮತ್ತೆ ಓದಿದರು. ಅವಳು ನನ್ನ ಕಡೆ ನೋಡಲಿಲ್ಲ. ಕಾನ್‌ಸ್ಟೇಬಲರ ಚಹಾ ಚಮಚ ಕೇಳಿ ಪಡೆದು, ಬಾಟಲಿ ತೆಗೆದು, ಮೂರು ಚಮಚ ತಿಂದು, ಚಮಚ ನೆಕ್ಕಿ ವಾಪಸು ಕೊಟ್ಟು, ಹೊರಗೆ ಹೋದಳು. ನಾನು ಸಹಿ ಹಾಕುವಷ್ಟರಲ್ಲಿ ಅವಳು ಕಾನ್‌ಸ್ಟೇಬಲರ ಮೂಲಕ ಹೇಳಿ ಕಳಿಸಿದ್ದು: ತಾನು ಮುಂದಿನ ಸೀಟಿನಲ್ಲಿ ಕೂತಿರುವುದಾಗಿಯೂ, ಬೆಲ್ಟ್ ಹಾಕಿದ ಮೇಲೆ ಇನ್ನೂ ಒಂದು ಗೇಣು ಮಿಕ್ಕಿರುವುದಾಗಿಯೂ, ಅದನ್ನೂ ಬರೆಸಿಯೇ ಬರಬೇಕೆಂದೂ. ಅದರಂತೆ ಬರೆಸಿರುತ್ತೇನೆ.

ಈ ಹೇಳಿಕೆಯಲ್ಲಿ ಇರುವುದು ಒಂದೂವರೆ ಇಂಚೂ ಹೆಚ್ಚುಕಡಿಮೆ ಇಲ್ಲದ ಸತ್ಯ.

ಸ್ಥಳ: ಠಾಣೆ
ದಿನಾಂಕ: ಇದೇ ದಿನ, ಬೆಳಿಗ್ಗೆ 11.15
ಸಹಿ: (ಟೇಪು ಮಾಸ್ಟರ್)